ನಿದ್ದೆಯಿಂದ ಏಳುವಾಗ ಮಾನಿಟರ್ ಪವರೇ ಹೋಗುತ್ತದೆ, ದೀಪ ಕೂಡ ಇಲ್ಲ

ತಿಪಟೂರು ಡಿಟಿಪಿ (ಸೋಮವಾರ, ಬೆಳಗ್ಗೆ 10.15)

ಎಲ್ಲರಿಗೂ ನಮಸ್ಕಾರ. ಒಂದು ತಲೆನೋವು ತಂದಿದ್ದೇನೆ. ನನ್ನದು ಚಿಕ್ಕ ಡಿಟಿಪಿ ಅಂಗಡಿ. ಮದುವೆ ಕಾರ್ಡು, ಕರಪತ್ರ, ಬಿಲ್ ಬುಕ್ಕು ಇಂಥ ಕೆಲಸ. 22 ಇಂಚಿನ ಎಲ್‌ಇಡಿ ಮಾನಿಟರ್ ಇದೆ, ತೆಗೆದುಕೊಂಡು 8 ವರ್ಷ ಆಯ್ತು. ಗಿರಾಕಿ ಜೊತೆ ಮಾತಾಡ್ತಾ ಕೂತರೆ 10 ನಿಮಿಷಕ್ಕೆ ಸ್ಕ್ರೀನ್ ಆರುತ್ತದೆ, ಅದು ಸರಿ, ನಾನೇ ಹಾಗೆ ಇಟ್ಟಿದ್ದೇನೆ. ಆದರೆ ಆಮೇಲೆ ಮೌಸ್ ಅಲ್ಲಾಡಿಸಿದರೆ ಒಂದು ಕ್ಷಣ ಬೆಳಕು ಬಂದ ಹಾಗೆ ಆಗಿ ಮಾನಿಟರ್ ಸತ್ತೇ ಹೋಗುತ್ತದೆ. ಬಟನ್ ಒತ್ತಿದರೆ ಜಪ್ಪಯ್ಯ ಅನ್ನುವುದಿಲ್ಲ.

ಗೋಡೆಯ ಸ್ವಿಚ್ ಆರಿಸಿ ಒಂದೆರಡು ನಿಮಿಷ ಬಿಟ್ಟು ಹಾಕಬೇಕು. ಹಾಕಿದ ಮೇಲೂ ಕೂಡಲೇ ಬರುವುದಿಲ್ಲ, ಒಳಗೆ ಟಿಕ್ ಟಿಕ್ ಅಂತ ಸಣ್ಣ ಸದ್ದು, ಬಟನ್ ಪಕ್ಕದ ಪವರ್ ದೀಪ ಮಿಣುಕುತ್ತದೆ, ಆಮೇಲೆ ಯಾವಾಗಲೋ ಹತ್ತಿಕೊಳ್ಳುತ್ತದೆ. ಎರಡು ತಿಂಗಳ ಹಿಂದೆ ಅರ್ಧ ನಿಮಿಷ ಸಾಕಿತ್ತು. ಈಗ 15 ನಿಮಿಷ. ಒಮ್ಮೆ ಬಂತು ಅಂದರೆ ಸಂಜೆವರೆಗೂ ತಕರಾರಿಲ್ಲ, ನಿದ್ದೆಗೆ ಮಾತ್ರ ಬಿಡಬಾರದು. ನಿನ್ನೆ ಹೆಣ್ಣಿನ ಕಡೆಯವರು ಕಾರ್ಡಿನ ಪ್ರೂಫ್ ನೋಡಲು ಬಂದು ಕಾಫಿ ಕುಡಿದು, ಪೇಪರ್ ಓದಿ, ಕೊನೆಗೆ ನಾಳೆ ಬರ್ತೀವಿ ಅಂತ ಎದ್ದು ಹೋದರು. ವಿಂಡೋಸ್ ಹೊಸದಾಗಿ ಹಾಕಿಸಬೇಕಾ? ಹಾಕಿಸಿದರೆ ನನ್ನ ಫಾಂಟುಗಳನ್ನೆಲ್ಲ ಮತ್ತೆ ಕೂರಿಸಬೇಕು, ಅದನ್ನು ನೆನೆದರೇ ಭಯ.

ಕೋಡ್ ಗುಂಡ (ಸೋಮವಾರ, ಬೆಳಗ್ಗೆ 10.40)

ಗ್ರಾಫಿಕ್ಸ್ ಡ್ರೈವರ್, ಅಂದರೆ ಸ್ಕ್ರೀನಿಗೆ ಚಿತ್ರ ಕಳಿಸುವ ಸಾಫ್ಟ್‌ವೇರ್, ಅದರ ಸಮಸ್ಯೆ ಇದು, ನಮ್ಮ ಆಫೀಸಿನಲ್ಲಿ ದಿನಾ ನೋಡ್ತೀವಿ. ಡ್ರೈವರ್ ಅಪ್‌ಡೇಟ್ ಮಾಡಿ. ಸ್ಕ್ರೀನ್ ಕಪ್ಪಾದಾಗ ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್ ಮೂರನ್ನೂ ಹಿಡಿದು ಬಿ ಒತ್ತಿ. ಡ್ರೈವರ್ ಮತ್ತೆ ಶುರುವಾಗುತ್ತದೆ, ಚಿತ್ರ ವಾಪಸ್ ಬರುತ್ತದೆ. ಫಾಸ್ಟ್ ಸ್ಟಾರ್ಟಪ್ ಕೂಡ ತೆಗೆದುಬಿಡಿ.

ಹುಬ್ಬಳ್ಳಿ ಹುಡುಗ (ಸೋಮವಾರ, ಬೆಳಗ್ಗೆ 11.05)

ಕೇಬಲ್ ಬದಲಿ ಮಾಡಿ ನೋಡ್ರಿ ಅಕ್ಕಾರ. ನಂದೂ ಹಿಂಗ ಆಗಿತ್ತು, ಹೊಸ ಎಚ್‌ಡಿಎಂಐ ಕೇಬಲ್ ಹಾಕಿದ ಮ್ಯಾಲೆ ಆರಾಮ.

ಸೋಲ್ಡರ್ ಸೀನಣ್ಣ (ಸೋಮವಾರ, ಮಧ್ಯಾಹ್ನ 1.30)

ಸ್ವಲ್ಪ ತಡೀರಿ. ಡ್ರೈವರ್, ಕೇಬಲ್ ಅಂತ ಓಡುವುದಕ್ಕೆ ಮೊದಲು ಅಕ್ಕ ಬರೆದದ್ದನ್ನು ಸರಿಯಾಗಿ ಓದಿ. ದೀಪವೇ ಇಲ್ಲ ಅಂತ ಟೈಟಲ್‌ನಲ್ಲೇ ಹಾಕಿದ್ದಾರೆ. ಡ್ರೈವರ್ ಕೆಟ್ಟರೆ, ಕೇಬಲ್ ಕೆಟ್ಟರೆ ಚಿತ್ರ ಹೋಗುತ್ತದೆ, ನೋ ಸಿಗ್ನಲ್ ಅಂತ ಬರಹ ಬರುತ್ತದೆ, ದೀಪ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಆದರೆ ದೀಪ ಇರುತ್ತದೆ. ಆ ದೀಪ ಉರಿಯುವುದು ಮಾನಿಟರಿನ ಸ್ವಂತ ಪವರ್ ಸಪ್ಲೈಯಿಂದ, ಕಂಪ್ಯೂಟರಿಗೂ ಅದಕ್ಕೂ ಸಂಬಂಧ ಇಲ್ಲ. ಸಿಗ್ನಲ್ ಹೋಗುವುದು ಬೇರೆ, ಪವರ್ ಹೋಗುವುದು ಬೇರೆ. ನನ್ನ ಹತ್ತಿರ ಬರುವ ಹತ್ತು ಮಾನಿಟರಿನಲ್ಲಿ ನಾಲ್ಕೈದರ ಮಾಲೀಕರು ಆಗಲೇ ವಿಂಡೋಸ್ ಹಾಕಿಸಿ, ಎರಡು ಕೇಬಲ್ ಕೊಂಡು, ಆಮೇಲೆ ನನ್ನ ಹತ್ತಿರ ಬಂದಿರುತ್ತಾರೆ.

ಅಕ್ಕ, ನಿಮಗೊಂದು ಕೆಲಸ. ಮಾನಿಟರ್ ಸರಿಯಾಗಿ ಓಡುತ್ತಿರುವಾಗ ಹಿಂದಿನಿಂದ ಸಿಗ್ನಲ್ ಕೇಬಲ್ ಪೂರ್ತಿ ಎಳೆದು ತೆಗೆಯಿರಿ, ಪವರ್ ಕಾರ್ಡ್ ಮಾತ್ರ ಇರಲಿ. ಕೇಬಲ್ ಇಲ್ಲ ಅಂತ ಒಂದು ಡಬ್ಬಿ ಸ್ಕ್ರೀನಿನಲ್ಲಿ ತೇಲಾಡಿ, ಸ್ವಲ್ಪ ಹೊತ್ತಿಗೆ ಅದೇ ನಿದ್ದೆಗೆ ಹೋಗುತ್ತದೆ. ಕಾಲು ಗಂಟೆ ಮಲಗಲಿ. ಆಮೇಲೆ ಮಾನಿಟರಿನ ಬಟನ್ ಒತ್ತಿ ಎಬ್ಬಿಸಿ. ಆಗಲೂ ಸತ್ತರೆ ಕಂಪ್ಯೂಟರ್, ವಿಂಡೋಸ್, ಡ್ರೈವರ್, ಕೇಬಲ್ ನಾಲ್ಕೂ ನಿರಪರಾಧಿಗಳು.

ಇನ್ನೆರಡು ಪ್ರಶ್ನೆ. ಬೆಳಗ್ಗೆ ಚಳಿಯಲ್ಲಿ ಜಾಸ್ತಿ ಕಾಡುತ್ತಾ, ಮಧ್ಯಾಹ್ನ ಕಡಿಮೆಯಾ? ಪವರ್ ಸಪ್ಲೈ ಒಳಗಿದೆಯಾ, ಲ್ಯಾಪ್‌ಟಾಪಿನ ಹಾಗೆ ಹೊರಗೆ ಅಡಾಪ್ಟರ್ ಇದೆಯಾ?

ಕೋಡ್ ಗುಂಡ (ಸೋಮವಾರ, ಮಧ್ಯಾಹ್ನ 1.42)

ಸರಿ ಗುರು, ದೀಪದ ವಿಷಯ ಗಮನಿಸಲಿಲ್ಲ. ಆದರೂ ಕಂಪ್ಯೂಟರ್ ಎದ್ದಾಗಲೇ ಸಾಯುತ್ತೆ ಅಂದ ಮೇಲೆ ಏನೋ ಸಂಬಂಧ ಇರಲೇಬೇಕಲ್ವಾ?

ಸೋಲ್ಡರ್ ಸೀನಣ್ಣ (ಸೋಮವಾರ, ಮಧ್ಯಾಹ್ನ 2.10)

ಇದೆ, ನೀನು ಅಂದುಕೊಂಡ ಸಂಬಂಧ ಅಲ್ಲ. ನಿದ್ದೆಯಲ್ಲಿ ಮಾನಿಟರ್ ತಿನ್ನುವುದು ಅರ್ಧ ವ್ಯಾಟಿಗಿಂತ ಕಡಿಮೆ. ಯುರೋಪಿನವರು 2013ರಿಂದ ಅದನ್ನೇ ನಿಯಮ ಮಾಡಿದ್ದಾರೆ, ಅದಕ್ಕೂ ಮೊದಲು 2010ರಲ್ಲಿ 1 ವ್ಯಾಟ್ ಇತ್ತು. ಅದೇ ಡಿಸೈನು ನಮ್ಮಲ್ಲೂ ಬರುತ್ತದೆ. ಎದ್ದ ಕೂಡಲೇ ಪರದೆಯ ಹಿಂದಿನ ದೀಪ, ಬ್ಯಾಕ್‌ಲೈಟ್, ಹತ್ತಿಕೊಂಡು 20 ವ್ಯಾಟ್ ಹತ್ತಿರ ಎಳೆಯುತ್ತದೆ. ಮಲಗಿದ್ದವನನ್ನು ಎಬ್ಬಿಸಿ ಅದೇ ಕ್ಷಣ ತಲೆ ಮೇಲೆ ಅಕ್ಕಿ ಮೂಟೆ ಹೊರಿಸಿದ ಹಾಗೆ. ಗಟ್ಟಿ ಇದ್ದವನು ಹೊರುತ್ತಾನೆ, ಕೈಲಾಗದವನು ಕುಸಿಯುತ್ತಾನೆ. ಎದ್ದು ಓಡಾಡುತ್ತಾ ಬೆಚ್ಚಗಿದ್ದರೆ ಸಂಜೆವರೆಗೂ ಹೊರುತ್ತಾನೆ. ಅಕ್ಕನ ಮಾನಿಟರ್ ಮಾಡ್ತಿರೋದೂ ಅದೇ.

ಪುತ್ತೂರಿನವ (ಸೋಮವಾರ, ಸಂಜೆ 4.20)

ಸೀನಣ್ಣ ಹೇಳಿದ್ದು ಸರಿ ಮಾರಾಯ್ರೆ, ಆದರೆ ಕೇಬಲ್ ಪೂರ್ತಿ ನಿರಪರಾಧಿ ಅಂತ ಎಲ್ಲ ಕಡೆಯೂ ಹೇಳಲಿಕ್ಕೆ ಆಗುವುದಿಲ್ಲ. ನನ್ನದು ಡಿಸ್‌ಪ್ಲೇಪೋರ್ಟ್, ಮಾನಿಟರಿಗೆ ಚಿತ್ರ ಒಯ್ಯುವ ಇನ್ನೊಂದು ಥರದ ಕೇಬಲ್. ಅದರ ಕನೆಕ್ಟರಿನಲ್ಲಿ 20ನೇ ಪಿನ್ ಅಂತ ಒಂದಿದೆ, 3.3 ವೋಲ್ಟ್ ಪವರ್ ಅದರದ್ದು. ಸಣ್ಣ ಪರಿವರ್ತಕಗಳನ್ನು ಸಿಕ್ಕಿಸಿದರೆ ಅವಕ್ಕೆ ಕರೆಂಟು ಕೊಡಲಿಕ್ಕೆ ಅಂತ ಇರುವುದು. ಆಚೆ ಈಚೆ ಎರಡೂ ಕಡೆ ಅದು ಇರುವುದರಿಂದ ಮಾಮೂಲಿ ಕೇಬಲಿನಲ್ಲಿ ಆ ಪಿನ್ನನ್ನು ಜೋಡಿಸಬಾರದು ಎಂಬುದೇ ನಿಯಮ. ಅಗ್ಗದ ಕೇಬಲ್ ಮಾಡುವ ಕೆಲವರು ಎಲ್ಲ ಪಿನ್ನನ್ನೂ ಜೋಡಿಸಿ ಬಿಡ್ತಾರೆ. ಆಗ ಮಾನಿಟರಿನ ಕರೆಂಟು ಕೇಬಲ್ ಮೂಲಕ ಗ್ರಾಫಿಕ್ಸ್ ಕಾರ್ಡಿಗೆ ನುಗ್ಗುತ್ತದೆ.

ನನಗೆ ಆದದ್ದು ಹೀಗೆ. ಕಂಪ್ಯೂಟರ್ ಆಫ್ ಮಾಡಿದರೂ ಕೀಬೋರ್ಡಿನ ದೀಪ ಮಂಕಾಗಿ ಉರಿಯುತ್ತಿತ್ತು. ನಿದ್ದೆಯಿಂದ ಎಬ್ಬಿಸಿದರೆ ಒಮ್ಮೆ ಮಾನಿಟರ್ ಏಳುವುದಿಲ್ಲ, ಒಮ್ಮೆ ಕಂಪ್ಯೂಟರೇ ಏಳುವುದಿಲ್ಲ. ಆರು ತಿಂಗಳು ಮದರ್‌ಬೋರ್ಡಿಗೆ ಬೈದೆ. ಕೊನೆಗೆ ಮಲ್ಟಿಮೀಟರಿನಲ್ಲಿ ಕೇಬಲಿನ ಎರಡು ತುದಿಯ 20ನೇ ಪಿನ್ ನೋಡಿದರೆ ಬೀಪ್ ಅಂತು! ಸರಿಯಾದ ಕೇಬಲ್ ಹಾಕಿದ ದಿನದಿಂದ ಸುಮ್ಮನಿದೆ.

ಸೋಲ್ಡರ್ ಸೀನಣ್ಣ (ಸೋಮವಾರ, ಸಂಜೆ 4.35)

ಒಪ್ಪಿದೆ. ಅದು ಕೇಬಲ್ ಸಿಗ್ನಲ್ ಬಿಟ್ಟು ಪವರ್ ಸಾಗಿಸಿದ ಕಥೆ. ಅಕ್ಕನದು ಹಳೆ ಥರದ ವಿಜಿಎ ಕೇಬಲ್ ಇರಬಹುದು ಅಂತ ನನ್ನ ಅನುಮಾನ.

ತಿಪಟೂರು ಡಿಟಿಪಿ (ಸೋಮವಾರ, ರಾತ್ರಿ 8.50)

ಹೌದು ಅಣ್ಣ, ವಿಜಿಎ. ನೀಲಿ ಕನೆಕ್ಟರ್, ಎರಡು ಸ್ಕ್ರೂ. ಅಡಾಪ್ಟರ್ ಹೊರಗಿಲ್ಲ, ನೇರ ಪವರ್ ಕಾರ್ಡ್.

ನೀವು ಹೇಳಿದ ಹಾಗೆ ಮಾಡಿದೆ. ಕೇಬಲ್ ತೆಗೆದೆ, ಮಲಗಿತು, 20 ನಿಮಿಷ ಬಿಟ್ಟು ಬಟನ್ ಒತ್ತಿದೆ. ಸತ್ತಿತು! ದೀಪ ಪೂರ್ತಿ ಹೋಯಿತು. ಫಾಂಟು ಮತ್ತೆ ಕೂರಿಸಬೇಕಾಗಿಲ್ಲ ಅಂತ ಅರ್ಧ ಸಮಾಧಾನ. ಚಳಿಯ ವಿಷಯ ನೀವು ಕೇಳಿದ ಮೇಲೆ ಯೋಚಿಸಿದೆ, ನಿಜ, ಬೆಳಗ್ಗೆ 9 ಗಂಟೆಗೆ ಶಟರ್ ಎತ್ತಿದಾಗ ಅತಿ ಕಷ್ಟ, ಮಧ್ಯಾಹ್ನ ಮೂರರ ಹೊತ್ತಿಗೆ ಅಷ್ಟು ಸತಾಯಿಸುವುದಿಲ್ಲ.

ಇಲ್ಲಿ ಒಬ್ಬರನ್ನು ಕೇಳಿದೆ, ಬೋರ್ಡ್ ಹೋಗಿದೆ, ಬದಲಿಸಬೇಕು, 3,800 ರೂಪಾಯಿ ಅಂದರು. ತೆರೆದೂ ನೋಡಲಿಲ್ಲ.

ಮ್ಯೂನಿಕ್ ಮೂರ್ತಿ (ಸೋಮವಾರ, ರಾತ್ರಿ 11.30)

ಇಲ್ಲಿ ಜರ್ಮನಿಯಲ್ಲಿ ನನಗಾದದ್ದು ಹೇಳಿದರೆ ನಗ್ತೀರಿ. ನಿದ್ದೆಯಿಂದ ಎಬ್ಬಿಸಿದರೆ ನನ್ನ ಮಾನಿಟರಿನ ದೀಪವೂ ಇರುತ್ತಿರಲಿಲ್ಲ. ಮಾನಿಟರ್ ವಾಪಸ್ ಕೊಟ್ಟು ಹೊಸದು ತಂದೆ. ಅದೂ ಹಾಗೇ! ಆಮೇಲೆ ಹೆಂಡತಿ ಮೇಜಿನ ಕೆಳಗೆ ಬಗ್ಗಿ, ರೀ, ಈ ಎಕ್ಸ್‌ಟೆನ್ಷನ್ ಬಾಕ್ಸ್ ಟಕ್ ಅಂತಲ್ಲ ಅಂದಳು. ಇಲ್ಲಿ ಕರೆಂಟು ಉಳಿಸಲು ಒಂದು ಥರದ ಬಾಕ್ಸ್ ಸಿಗುತ್ತದೆ. ಅದರಲ್ಲಿ ಒಂದು ಸಾಕೆಟ್ ಯಜಮಾನ, ಉಳಿದವು ಆಳುಗಳು. ಯಜಮಾನನಿಗೆ ಚುಚ್ಚಿದ ಕಂಪ್ಯೂಟರ್ ಕರೆಂಟು ಎಳೆಯುವುದು ಕಡಿಮೆಯಾದರೆ ಆಳುಗಳ ಕರೆಂಟು ತಾನೇ ಕತ್ತರಿಸುತ್ತದೆ. ಕಂಪ್ಯೂಟರ್ ಮಲಗಿದರೆ ಮಾನಿಟರಿಗೆ ಕರೆಂಟೇ ಇಲ್ಲ. ಎದ್ದಾಗ ಕರೆಂಟು ಬಂದರೂ ನನ್ನ ಮಾನಿಟರ್ ಬಟನ್ ಒತ್ತುವ ತನಕ ಸುಮ್ನೆ ಕೂರುವ ಜಾತಿಯದು. ಮಾನಿಟರನ್ನು ಗೋಡೆಗೆ ಚುಚ್ಚಿದೆ, ಮುಗೀತು. ಎರಡನೇ ಮಾನಿಟರ್ ಈಗಲೂ ಮನೆಯಲ್ಲಿದೆ, ಮಗಳ ಪಾಲಾಯಿತು.

ಲಿನಕ್ಸ್ ಲಿಂಗಪ್ಪ (ಮಂಗಳವಾರ, ಬೆಳಗ್ಗೆ 7.10)

ನನಗೆ ದೀಪ ಇರುತ್ತದೆ, ಕಿತ್ತಳೆ. ಎಬ್ಬಿಸಿದರೆ ಎರಡು ಮಾನಿಟರಿನಲ್ಲಿ ಒಂದು ಏಳುತ್ತದೆ, ಕಿಟಕಿಗಳೆಲ್ಲ ಓಡಿ ಆ ಒಂದರಲ್ಲೇ ಗುಂಪಾಗಿ ಕೂತಿರುತ್ತವೆ. ಇದಕ್ಕೂ ಪವರ್ ಸಪ್ಲೈ ಅಂತೀರಾ?

ಪುತ್ತೂರಿನವ (ಮಂಗಳವಾರ, ಬೆಳಗ್ಗೆ 7.45)

ಅಲ್ಲ, ದೀಪ ಇದೆಯಲ್ಲ. ಮಾನಿಟರ್ ಆಳವಾದ ನಿದ್ದೆಗೆ ಹೋದಾಗ ನಾನು ಇಲ್ಲಿದ್ದೇನೆ ಎಂದು ಕಂಪ್ಯೂಟರಿಗೆ ಹೇಳುವ ತಂತಿಯನ್ನೂ ಬಿಟ್ಟುಬಿಡುತ್ತದೆ, ಕಂಪ್ಯೂಟರ್ ಕೇಬಲ್ ಕಿತ್ತರು ಅಂತಲೇ ತಿಳಿಯುತ್ತದೆ. ಮಾನಿಟರಿನ ಮೆನುವಿನಲ್ಲಿ ಡೀಪ್ ಸ್ಲೀಪ್ ಅಂತ ಇದ್ದರೆ ಆಫ್ ಮಾಡಿ. ಸಿಗ್ನಲ್ ತಾನೇ ಹುಡುಕುವ ಆಟೋ ಸೋರ್ಸ್ ಇದ್ದರೆ ಅದನ್ನೂ ತೆಗೆದು ನಿಮ್ಮ ಪೋರ್ಟನ್ನೇ ನಿಗದಿ ಮಾಡಿ. ಇದಕ್ಕೆ ಬೇರೆ ಎಳೆ ಶುರು ಮಾಡಿದರೆ ಒಳ್ಳೆಯದು, ಇಲ್ಲಿ ಅಕ್ಕನ ಮಾತು ತಪ್ಪಿ ಹೋಗ್ತದೆ.

ಹುಬ್ಬಳ್ಳಿ ಹುಡುಗ (ಮಂಗಳವಾರ, ಬೆಳಗ್ಗೆ 9.00)

ಅಕ್ಕಾರ ಊರಾಗ ಸಂಜೀಕ ವೋಲ್ಟೇಜ್ ಬೀಳತೈತೇನ್ರಿ? ಪಂಪ್‌ಸೆಟ್ ಶುರು ಆದ್ರ ನಮ್ಮಲ್ಲಿ ಟ್ಯೂಬ್‌ಲೈಟ್ ಸುದ್ದಾ ಹತ್ತೂದಿಲ್ಲ. ಅದಕ್ಕ ಏನಾರ ಆಗಿರಬಹುದಾ?

ಸೋಲ್ಡರ್ ಸೀನಣ್ಣ (ಮಂಗಳವಾರ, ಬೆಳಗ್ಗೆ 9.50)

ಮಾನಿಟರ್ ಹಿಂದೆ ಸ್ಟಿಕರ್ ಓದಿ, 100ರಿಂದ 240 ವೋಲ್ಟ್ ಅಂತ ಇರುತ್ತದೆ. 160ಕ್ಕೆ ಇಳಿದರೂ ಅದಕ್ಕೆ ಗೊತ್ತೇ ಆಗುವುದಿಲ್ಲ. ಕಡಿಮೆ ವೋಲ್ಟೇಜಿಗೆ ನರಳುವುದು ಫ್ರಿಜ್ಜು, ಮೋಟಾರು. ಸ್ಪೈಕ್ ಬಸ್ಟರಿನ ಸಡಿಲ ಸಾಕೆಟ್ ಮಾತ್ರ ಒಮ್ಮೆ ನೋಡಿಕೊಳ್ಳಿ, ಪಿನ್ ಅಲ್ಲಾಡಿದರೆ ಕಿಡಿ ಹಾರಿ ಇದೇ ನಾಟಕ ಆಗುತ್ತದೆ.

ಅಕ್ಕ, ನಿಮ್ಮದು ನೂರಕ್ಕೆ ತೊಂಬತ್ತು ಭಾಗ ಪವರ್ ಬೋರ್ಡಿನ ಒಣಗಿದ ಕೆಪಾಸಿಟರ್, ಅಂದರೆ ಕರೆಂಟನ್ನು ತುಂಬಿಟ್ಟುಕೊಂಡು ಬೇಕಾದಾಗ ಕೊಡುವ ಬಿಡಿಭಾಗ. ಬೋರ್ಡ್ ಬದಲಿಸುವ ಮಾತೇ ಬೇಡ. ಈ ಕೆಪಾಸಿಟರಿನ ಒಳಗೆ ಒಂದು ದ್ರವ ಇರುತ್ತದೆ, ಬಿಸಿಗೆ ನಿಧಾನವಾಗಿ ಆರುತ್ತಾ ಬರುತ್ತದೆ. ಅದರ ಮೇಲೆ 105 ಡಿಗ್ರಿ ಅಂತ ಬರೆದಿರುತ್ತದೆ, ಆ ಬಿಸಿಯಲ್ಲಿ ಮಾಮೂಲಿ ಮಾಲಿನ ಆಯಸ್ಸು 2,000 ಗಂಟೆ. 10 ಡಿಗ್ರಿ ಇಳಿದರೆ ಆಯಸ್ಸು ಎರಡು ಪಟ್ಟು ಅಂತ ಲೆಕ್ಕ. 65 ಡಿಗ್ರಿಯಲ್ಲಿ ಇಟ್ಟರೆ 32,000 ಗಂಟೆ ಬಂತು. ನಿಮ್ಮದು 8 ವರ್ಷ. ರಾತ್ರಿ ಸ್ವಿಚ್ ಆರಿಸದೆ ಹೋಗಿದ್ದರೆ 70,000 ಗಂಟೆ ದಾಟಿದೆ. ಪಾಪ, ದುಡಿದಿದೆ. ತಣ್ಣಗಿದ್ದಾಗ ಒಣಗಿದ ಕೆಪಾಸಿಟರ್ ಇನ್ನೂ ಕೆಲಸಕ್ಕೆ ಬಾರದು, ಸ್ವಲ್ಪ ಬೆಚ್ಚಗಾದರೆ ಜೀವ ಬರುತ್ತದೆ. ಬೆಳಗ್ಗೆ ಸತಾಯಿಸಿ ಮಧ್ಯಾಹ್ನ ಒಪ್ಪಿಕೊಳ್ಳುವುದು ಅದಕ್ಕೇ.

ತೆರೆಯದೆ ಎರಡು ಪರೀಕ್ಷೆ ಮಾಡಬಹುದು. ಬ್ರೈಟ್‌ನೆಸ್ 20ಕ್ಕೆ ಇಳಿಸಿ ಮಲಗಿಸಿ ಎಬ್ಬಿಸಿ. ಹೊರೆ ಕಡಿಮೆ ಆಗುವುದರಿಂದ ಎದ್ದರೂ ಎದ್ದೀತು. ಮಾರನೇ ದಿನ ಬೆಳಗ್ಗೆ ಹೇರ್ ಡ್ರೈಯರಿನಿಂದ ಹಿಂಭಾಗದ ಗಾಳಿ ತೂತುಗಳಿಗೆ ಎರಡು ಮೂರು ನಿಮಿಷ ದೂರದಿಂದ ಬಿಸಿ ಗಾಳಿ ಕೊಟ್ಟು ಆಮೇಲೆ ಸ್ವಿಚ್ ಹಾಕಿ.

ಕೋಡ್ ಗುಂಡ (ಮಂಗಳವಾರ, ಬೆಳಗ್ಗೆ 10.15)

ಸುಮ್ನೆ ಹೊಸದು ತಗೊಳ್ಳಿ ಅಕ್ಕ. 8 ವರ್ಷದ ಮಾನಿಟರಿಗೆ ಇಷ್ಟೆಲ್ಲ ಯಾಕೆ? ಇಲ್ಲಾಂದ್ರೆ ನಿದ್ದೆಗೆ ಹೋಗುವುದನ್ನೇ ನೆವರ್ ಅಂತ ಇಟ್ಟುಬಿಡಿ.

ತಿಪಟೂರು ಡಿಟಿಪಿ (ಮಂಗಳವಾರ, ಬೆಳಗ್ಗೆ 10.50)

ಹೊಸದರ ದುಡ್ಡಿಗೆ ನಾನು ಎಷ್ಟು ಕಾರ್ಡು ಹೊಡೀಬೇಕು ಅಂತ ನಿಮಗೆ ಗೊತ್ತಿಲ್ಲ ತಮ್ಮಾ. ನೆವರ್ ಇಟ್ಟು ನೋಡಿದೆ. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಊರಿನಲ್ಲಿ ನೆವರ್ ಅನ್ನುವ ಮಾತಿಗೆ ಅರ್ಥ ಇಲ್ಲ.

ಸೀನಣ್ಣ, ಬ್ರೈಟ್‌ನೆಸ್ 20ಕ್ಕೆ ಇಳಿಸಿದೆ. ಐದು ಸಲದಲ್ಲಿ ಮೂರು ಸಲ ಎದ್ದಿತು! ನನಗೆ ನಂಬಿಕೆ ಬಂತು. ಡ್ರೈಯರ್ ತಂಗಿ ಹತ್ತಿರ ಇದೆ, ನಾಳೆ.

ತಿಪಟೂರು ಡಿಟಿಪಿ (ಬುಧವಾರ, ಬೆಳಗ್ಗೆ 9.20)

ಡ್ರೈಯರ್ ಮೂರು ನಿಮಿಷ. ಸ್ವಿಚ್ ಹಾಕಿದ ತಕ್ಷಣ ಬಂತು. ಎರಡು ತಿಂಗಳಲ್ಲಿ ಮೊದಲ ಸಲ. ಪಕ್ಕದ ಟೈಲರ್ ಬಂದು ಮಾನಿಟರಿಗೆ ತಲೆಸ್ನಾನ ಮಾಡಿಸಿದ್ರಾ ಅಂದರು.

ಸೋಲ್ಡರ್ ಸೀನಣ್ಣ (ಬುಧವಾರ, ಬೆಳಗ್ಗೆ 11.00)

ಹಾಗಾದರೆ ತೆರೆಯಬಹುದು. ಆದರೆ ನೀವೇ ತೆರೀಬೇಡಿ, ನಿಮ್ಮೂರಲ್ಲಿ ಹಳೆ ಟಿವಿ ರಿಪೇರಿಯವರು ಯಾರಾದರೂ ಇರ್ತಾರೆ, ಅವರ ಹತ್ತಿರ ಒಯ್ಯಿರಿ. ಕಾರಣ ಹೇಳ್ತೀನಿ. ಪವರ್ ಬೋರ್ಡಿನಲ್ಲಿ ದೊಡ್ಡದೊಂದು ಕೆಪಾಸಿಟರ್ ಇದೆ, 400 ಅಥವಾ 450 ವೋಲ್ಟ್ ಅಂತ ಬರೆದಿರುತ್ತದೆ. 230 ವೋಲ್ಟ್ ಎಸಿ ಡಿಸಿಗೆ ತಿರುಗಿದರೆ 325 ವೋಲ್ಟ್ ಹತ್ತಿರ ಆಗುತ್ತದೆ, ಅಷ್ಟೂ ಅದರಲ್ಲಿ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರುತ್ತದೆ. ಪವರ್ ಸಪ್ಲೈ ಕೆಟ್ಟು ನಿಂತಿದ್ದರೆ ಆ ಚಾರ್ಜು ತಿನ್ನುವವರು ಯಾರೂ ಇಲ್ಲ, ಇನ್ನೂ ಜಾಸ್ತಿ ಹೊತ್ತು ಇರುತ್ತದೆ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ನಿಸುವ ಶೂರರು ಇದ್ದಾರೆ, ನಾನೂ ಹುಡುಗನಾಗಿದ್ದಾಗ ಮಾಡಿ ಸ್ಕ್ರೂಡ್ರೈವರಿನ ತುದಿ ಕರಗಿಸಿಕೊಂಡಿದ್ದೇನೆ. ಹಳೆ 60 ವ್ಯಾಟ್ ಬಲ್ಬಿನ ಎರಡು ತಂತಿ ಮುಟ್ಟಿಸಿ ಚಾರ್ಜ್ ಇಳಿಸಿ, ಮೀಟರಿನಲ್ಲಿ ನೋಡಿ, ಆಮೇಲೆ ಕೈ ಹಾಕಬೇಕು.

ಅವರಿಗೆ ಇಷ್ಟು ಹೇಳಿ. ಪವರ್ ಬೋರ್ಡಿನಿಂದ ಮುಖ್ಯ ಬೋರ್ಡಿಗೆ ಹೋಗುವ ಕನೆಕ್ಟರಿನಲ್ಲಿ 5 ವೋಲ್ಟ್ ಪಿನ್ ಇರುತ್ತದೆ, ಪಕ್ಕದಲ್ಲೇ ಪ್ರಿಂಟ್ ಆಗಿರುತ್ತದೆ. ಮಲಗಿದಾಗ ಅಲ್ಲಿ 5 ಇರಬೇಕು, ಎಬ್ಬಿಸುವಾಗಲೂ ಹೆಚ್ಚು ಅಲ್ಲಾಡಬಾರದು. ಅಲ್ಲಾಡಿ ಸೊನ್ನೆಗೆ ಬಿದ್ದರೆ ನಮ್ಮ ಅನುಮಾನ ಖಚಿತ.

ತಿಪಟೂರು ಡಿಟಿಪಿ (ಗುರುವಾರ, ರಾತ್ರಿ 9.15)

ಬಸ್ ಸ್ಟ್ಯಾಂಡ್ ಹಿಂದೆ ಒಬ್ಬ ಮಾವ ಇದ್ದಾರೆ, ಮೊದಲು ರೇಡಿಯೋ ರಿಪೇರಿ ಮಾಡ್ತಿದ್ದರು. ಒಯ್ದೆ. ಹಳೆ ಎಟಿಎಂ ಕಾರ್ಡು ಸಂದಿಗೆ ತೂರಿಸಿ ಕ್ಲಿಪ್ಪುಗಳನ್ನು ಪಟಪಟ ಬಿಡಿಸಿದರು. 5 ವೋಲ್ಟ್ ನೋಡಿದರೆ ಎಬ್ಬಿಸಿದ ತಕ್ಷಣ ಮೂರಕ್ಕೆ ಬಿದ್ದು ಸೊನ್ನೆ. ಆ 5 ವೋಲ್ಟ್ ಕಡೆ ಮೂರು ಕೆಪಾಸಿಟರ್, ಅದರಲ್ಲಿ ಒಂದರ ತಲೆ ಊದಿತ್ತು, ದೋಸೆ ಹಂಚಿನಲ್ಲಿ ಉಬ್ಬಿದ ಹಾಗೆ. ಮೂರನ್ನೂ ಬದಲಿಸಿದರು. ಮನೆಗೆ ತಂದು ಖುಷಿಯಿಂದ ಹಾಕಿದೆ.

ಸಂಜೆವರೆಗೂ ಎರಡು ಸಲ ಮಲಗಿ ಎದ್ದಿತು. ಮೂರನೇ ಸಲ ಮತ್ತೆ ಅದೇ ಸಾವು, ಅದೇ ಟಿಕ್ ಟಿಕ್. ಈಗೇನು ಮಾಡಲಿ?

ಕೋಡ್ ಗುಂಡ (ಗುರುವಾರ, ರಾತ್ರಿ 9.30)

ನಾನು ಏನೂ ಹೇಳಲ್ಲ.

ಸೋಲ್ಡರ್ ಸೀನಣ್ಣ (ಗುರುವಾರ, ರಾತ್ರಿ 10.40)

ತಪ್ಪು ನನ್ನದು, ಇನ್ನೊಂದು ಹೇಳುವುದು ಮರೆತೆ. ಊದಿದ್ದು ಕಣ್ಣಿಗೆ ಕಾಣುವ ಕಳ್ಳ. ಕಾಣದವನು ಇನ್ನೊಬ್ಬ ಇದ್ದಾನೆ.

ದೊಡ್ಡ ಕೆಪಾಸಿಟರ್ ಇರುವ ಕಡೆ, ಅಂದರೆ ಕರೆಂಟು ಒಳಗೆ ಬರುವ ಕಡೆ, ಪವರ್ ಸಪ್ಲೈಯನ್ನು ನಡೆಸುವ ಎಂಟು ಕಾಲಿನ ಸಣ್ಣ ಚಿಪ್, ಪವರ್ ಐಸಿ, ಅದರ ಹತ್ತಿರ ಒಂದು ಪುಟ್ಟ ಕೆಪಾಸಿಟರ್ ಇರುತ್ತದೆ. ಸಾಮಾನ್ಯವಾಗಿ 22 ಅಥವಾ 47 ಮೈಕ್ರೋಫ್ಯಾರಡ್ (ಎಷ್ಟು ತುಂಬಿಟ್ಟುಕೊಳ್ಳುತ್ತದೆ ಅನ್ನುವ ಅಳತೆ), 50 ವೋಲ್ಟ್. ಆ ಐಸಿಗೆ ಊಟ ಕೊಡುವುದು ಅದೇ. ಬಿಸಿ ಹೊರಹಾಕುವ ಲೋಹದ ತುಂಡು, ಹೀಟ್‌ಸಿಂಕ್, ಅದರ ಪಕ್ಕದಲ್ಲೇ ಕೂತು ಬೇಯುತ್ತದೆ, ಆದರೆ ಗಾತ್ರ ಸಣ್ಣದು, ಊದುವುದಿಲ್ಲ, ಸೋರುವುದಿಲ್ಲ, ಮದುಮಗನ ಹಾಗೆ ಠಾಕುಠೀಕು. ಒಳಗೆ ಮಾತ್ರ ಖಾಲಿ. ಓಡುತ್ತಿರುವಾಗ ಹೇಗೋ ನಡೆಯುತ್ತದೆ. ನಿದ್ದೆಯಲ್ಲಿ ಐಸಿ ಬಿಟ್ಟು ಬಿಟ್ಟು ಕೆಲಸ ಮಾಡುತ್ತದೆ, ಎದ್ದ ಕ್ಷಣ ಹೊರೆ ಬಿದ್ದಾಗ ಆ ಪುಟ್ಟದು ಹಿಡಿದು ನಿಲ್ಲಬೇಕು, ನಿಲ್ಲದಿದ್ದರೆ ಐಸಿಗೆ ವೋಲ್ಟೇಜ್ ಸಾಲದೆ ಕೈ ಚೆಲ್ಲುತ್ತದೆ. ಕೆಲವು ಐಸಿ ಹಠಮಾರಿಗಳು, ಒಮ್ಮೆ ನಿಂತರೆ ಪ್ಲಗ್ ಕಿತ್ತು ದೊಡ್ಡ ಕೆಪಾಸಿಟರ್ ಇಳಿಯುವ ತನಕ ಮತ್ತೆ ಶುರು ಮಾಡುವುದಿಲ್ಲ, ನೀವು ಗೋಡೆಯ ಸ್ವಿಚ್ ಆರಿಸಬೇಕಾಗಿದ್ದು ಅದಕ್ಕೆ. ಆ ಟಿಕ್ ಟಿಕ್ ಅಂದರೆ ಐಸಿ ಶುರು ಮಾಡಲು ನೋಡಿ, ಆಗದೆ, ಮತ್ತೆ ನೋಡುವ ಸದ್ದು. ನೀವು ಮೊದಲ ದಿನವೇ ಬರೆದಿದ್ದಿರಿ, ನಾನೇ ಹಿಡಿಯಬೇಕಿತ್ತು.

ಮಾವನಿಗೆ ಹೇಳಿ, 105 ಡಿಗ್ರಿಯದ್ದೇ ಹಾಕಲಿ. 50ರ ಬದಲು 63 ವೋಲ್ಟಿನದು ಸಿಕ್ಕರೂ ನಡೆಯುತ್ತದೆ, ಕಡಿಮೆ ವೋಲ್ಟಿನದು ಬೇಡ.

ಪುತ್ತೂರಿನವ (ಶುಕ್ರವಾರ, ಬೆಳಗ್ಗೆ 6.50)

ಬೆಂಗಳೂರಿಗೆ ಯಾರಾದರೂ ಹೋಗುವವರಿದ್ದರೆ ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ಎಸ್‌ಪಿ ರೋಡಿನಲ್ಲಿ ಹತ್ತು ಹತ್ತರಂತೆ ತರಿಸಿ ಇಟ್ಟುಕೊಳ್ಳಿ, ಬಿಡಿಯಾಗಿ ಕೇಳಿದರೆ ಅಂಗಡಿಯವರ ಮುಖ ನೋಡಲಿಕ್ಕೆ ಆಗುವುದಿಲ್ಲ.

ತಿಪಟೂರು ಡಿಟಿಪಿ (ಶನಿವಾರ, ಸಂಜೆ 6.30)

ಬೆಂಗಳೂರಿಗೆ ಹೋಗಬೇಕಾಗಲಿಲ್ಲ, ಮಾವನ ಡಬ್ಬಿಯಲ್ಲೇ ಇತ್ತು. ಕಿತ್ತ ಪುಟ್ಟದನ್ನು ಅವರ ಮೀಟರಿಗೆ ಹಿಡಿದರು. ಮೇಲೆ 47 ಅಂತ ಇದೆ, ಮೀಟರ್ 6 ತೋರಿಸಿತು! ನೋಡಲು ಹೊಚ್ಚ ಹೊಸದರ ಹಾಗಿದೆ. ಮೊದಲ ಸಲ ಕರೆಂಟಿನ ದಾರಿಯಲ್ಲಿ ಒಂದು ಬಲ್ಬ್ ಸೇರಿಸಿ (ಸೀರೀಸ್ ಬಲ್ಬ್) ಹಚ್ಚಿದರು, ನಂತರ ನೇರ. ಎರಡೂ ದಿನದ ಕೂಲಿ, ಸಾಮಾನು ಎಲ್ಲ ಸೇರಿ 250 ರೂಪಾಯಿ ತೆಗೆದುಕೊಂಡರು, 300 ಕೊಟ್ಟರೆ ವಾಪಸ್ ಕೊಟ್ಟರು.

ನಿನ್ನೆಯಿಂದ ಬೇಕಂತಲೇ 1 ನಿಮಿಷಕ್ಕೆ ಮಲಗುವ ಹಾಗೆ ಇಟ್ಟಿದ್ದೇನೆ. ಎಷ್ಟು ಸಲ ಮಲಗಿತೋ ಲೆಕ್ಕ ತಪ್ಪಿದೆ, ಪ್ರತಿ ಸಲವೂ ಎದ್ದಿದೆ. ಇವತ್ತು ಬೆಳಗ್ಗೆ ಚಳಿಯಲ್ಲಿ ಶಟರ್ ಎತ್ತಿ ಹಾಕಿದೆ, ಟಿಕ್ ಅನ್ನಲೂ ಇಲ್ಲ. ಹೆಣ್ಣಿನ ಕಡೆಯವರು ಬಂದಿದ್ದರು, ಪ್ರೂಫಿನಲ್ಲಿ ಮುಹೂರ್ತದ ಲಗ್ನ ತಪ್ಪಿದೆ ಅಂತ ಹಿಡಿದರು. ಮಾನಿಟರ್ ಕೆಟ್ಟಿದ್ದೇ ಒಳ್ಳೆಯದಾಯಿತು, ಇಲ್ಲದಿದ್ದರೆ ಮೊನ್ನೆಯೇ 500 ಕಾರ್ಡು ಹೊಡೆದುಬಿಡುತ್ತಿದ್ದೆ.

ಸೀನಣ್ಣ, ನಿಮಗೆ ದೊಡ್ಡ ನಮಸ್ಕಾರ. ರಾತ್ರಿ ಸ್ವಿಚ್ ಆರಿಸಿ ಹೋಗುವುದು ಶುರು ಮಾಡಿದ್ದೇನೆ.

ಹೊಸಬ 77 (ಭಾನುವಾರ, ಬೆಳಗ್ಗೆ 11.20)

ನನ್ನದೂ ಸೇಮ್ ಪ್ರಾಬ್ಲಂ ಸರ್, ಎಬ್ಬಿಸಿದರೆ ಪವರ್ ಬರಲ್ಲ. ಯಾವ ಕೆಪಾಸಿಟರ್ ಹಾಕಬೇಕು?

ಸೋಲ್ಡರ್ ಸೀನಣ್ಣ (ಭಾನುವಾರ, ಬೆಳಗ್ಗೆ 11.25)

ದೀಪ ಆರುತ್ತಾ?

ಹೊಸಬ 77 (ಭಾನುವಾರ, ಬೆಳಗ್ಗೆ 11.26)

ನೋಡಿಲ್ಲ ಸರ್.

ಸೋಲ್ಡರ್ ಸೀನಣ್ಣ (ಭಾನುವಾರ, ಬೆಳಗ್ಗೆ 11.27)

ನೋಡಿ ಬನ್ನಿ.